ಫಲಕದ ಮೇಲೆ ನಗುತ್ತಿರುವ ನನ್ನ ಚಿತ್ರವನ್ನು ಇಳಿಸಿರಿ

ವಿದ್ಯುತ್ ವಾಹನಗಳ ಪ್ರಚಾರದ ಹೊಣೆ ಹೊತ್ತು ಕುಳಿತಿರುವ ಮಾನ್ಯ ಅಧಿಕಾರಿಗಳೇ,

ಕಾಗವಾಡದ ಕಡೆಗೆ ಹೋಗುವ ರಸ್ತೆಯಲ್ಲಿ ತಾವು ಉದ್ಘಾಟಿಸಿದ ಚಾರ್ಜಿಂಗ್ ಕೇಂದ್ರದ ಫಲಕದಲ್ಲಿ ನನ್ನ ಚಿತ್ರವಿದೆ. ಅದನ್ನು ತೆಗೆಸಿರಿ. ಕೇಂದ್ರವನ್ನು ಸರಿಪಡಿಸಿರೆಂದು ನಾನು ಕೇಳುವುದಿಲ್ಲ. ಅಷ್ಟು ದೊಡ್ಡ ಆಸೆ ಇಟ್ಟುಕೊಳ್ಳುವ ವಯಸ್ಸು ದಾಟಿದೆ. ಚಿತ್ರ ತೆಗೆಯಲು ಒಬ್ಬ ಆಳು, ಒಂದು ಏಣಿ, ಕಾಲು ಗಂಟೆ ಸಾಕು. ಇದೇ ವಿಷಯವಾಗಿ ಮೂರು ಅರ್ಜಿ ಕೊಟ್ಟೆ. ಮೂರಕ್ಕೂ ಮೊಬೈಲಿಗೆ ಉತ್ತರ ಬಂತು: "ನಿಮ್ಮ ದೂರನ್ನು ತೃಪ್ತಿಕರವಾಗಿ ಪರಿಹರಿಸಲಾಗಿದೆ." ಯಾರಿಗೆ ತೃಪ್ತಿಯಾಯಿತೋ ತಿಳಿಯದು. ಆದ್ದರಿಂದ ಈ ನಾಲ್ಕನೆಯದನ್ನು ನಾಲ್ಕು ಜನ ಓದುವ ಹಾಗೆ ಬರೆಯುತ್ತಿದ್ದೇನೆ.

ತಾವು ನನ್ನನ್ನು ಮರೆತಿರಬಹುದು. ಹೋದ ವರ್ಷ ಯುಗಾದಿಯ ಹೊತ್ತಿಗೆ ಆ ಕೇಂದ್ರದ ಉದ್ಘಾಟನೆಗೆಂದು, ಸುತ್ತಲಿನ ಹಳ್ಳಿಗಳಲ್ಲಿ ವಿದ್ಯುತ್ ಕಾರು ಕೊಂಡ ರೈತ ಯಾರಿದ್ದಾನೆ ಎಂದು ತಮ್ಮವರು ಹುಡುಕಿದಾಗ ಸಿಕ್ಕವನು ನಾನೊಬ್ಬನೇ. ದಿಗ್ಗೇವಾಡಿಯ ತೋಟದ ಮನೆಯವನು, ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದ ತವನಪ್ಪ ಮಾಸ್ತರ. ತಾವು ನನಗೆ ಶಾಲು ಹೊದಿಸಿದಿರಿ, ತಲೆಗೆ ಕೇಸರಿ ಪಟಗಾ ಸುತ್ತಿಸಿದಿರಿ, ನನ್ನ ಕಾರಿಗೆ ಸ್ವಹಸ್ತದಿಂದ ಪ್ಲಗ್ ಚುಚ್ಚಿದಿರಿ. ಹಸಿರು ದೀಪ ಹತ್ತಿತು, ಜನ ಚಪ್ಪಾಳೆ ತಟ್ಟಿದರು, ನಾನು ಹಲ್ಲು ಕಿರಿದೆ. ಆ ಹಲ್ಲುಗಳೇ ಈಗ ಎಂಟಡಿ ಫಲಕದ ಮೇಲಿವೆ. ಕೆಳಗೆ "ದಿನದ ಇಪ್ಪತ್ನಾಲ್ಕು ಗಂಟೆ ಸೇವೆ" ಎಂದು ಬರೆದಿದೆ.

ಈ ಕಾರನ್ನು ಯಾರೂ ನನ್ನ ಕೊರಳಿಗೆ ಕಟ್ಟಲಿಲ್ಲ, ನಾನೇ ಕಟ್ಟಿಕೊಂಡೆ. ನಮ್ಮದು ಜೈನರ ಮನೆ. ಹೊಗೆ ಬಿಡದ ಗಾಡಿ ಎಂದಾಗ ಮನಸ್ಸಿಗೆ ಹಿತವಾಯಿತು. ಹದಿನೇಳು ವರ್ಷ ಓಡಿದ ಪೆಟ್ರೋಲ್ ಕಾರನ್ನು ಮಾರಿದೆ. ಅದರ ಕೆಮ್ಮು, ನೆಗಡಿ ಎಲ್ಲ ಅಂಕಲಿಯ ಗ್ಯಾರೇಜಿನ ಹುಸೇನಮಿಯಾನಿಗೆ ಕಿವಿಯಿಂದಲೇ ತಿಳಿಯುತ್ತಿತ್ತು. ಹೊಸ ಕಾರನ್ನು ಅವನಿಗೆ ತೋರಿಸಲು ಒಯ್ದಾಗ ಬಾನೆಟ್ ಎತ್ತಿ ನೋಡಿ ಮತ್ತೆ ಮುಚ್ಚಿದ. "ಮಾಸ್ತರ, ಇದರಾಗ ನನಗ ಕೇಳಾಕ ಏನೂ ಇಲ್ರಿ. ಆವಾಜನ ಇಲ್ಲ," ಅಂದ. ನಾನು ದೊಡ್ಡ ಜಾಣನ ಹಾಗೆ ನಕ್ಕೆ.

ಆಮೇಲೆ ಶುರುವಾಯಿತು ನೋಡಿ ನನ್ನ ವಿಜ್ಞಾನದ ಪಾಠ. ತೋಟದ ಮನೆಗಳಿಗೆ ಸರಿಯಾದ ಕರೆಂಟು ಬರುವುದೇ ಪಂಪ್‌ಸೆಟ್ಟಿನ ಪಾಳಿಯಲ್ಲಿ. ಆ ಹೊತ್ತಿನಲ್ಲಿ ಕಬ್ಬಿಗೆ ನೀರು ಬಿಡಬೇಕೋ ಕಾರಿಗೆ ಚಾರ್ಜು ಹಾಕಬೇಕೋ? ಉಳಿದ ಹೊತ್ತಿನ ಸಿಂಗಲ್ ಫೇಸಿನಲ್ಲಿ ಬಲ್ಬೇ ಕಣ್ಣು ಪಿಳುಕಿಸುತ್ತದೆ, ಕಾರು ಹೇಗೆ ಕುಡಿದೀತು? ಅದರ ಮೇಲೆ ಚಾರ್ಜರಿನ ಕೆಂಪು ದೀಪ: ಅರ್ಥಿಂಗ್ ಸರಿಯಿಲ್ಲವಂತೆ. ಲೈನ್‌ಮನ್ ಬಂದು, "ಅರ್ಥಿಂಗ್ ಗುಂಡಿಗಿ ಉಪ್ಪುನೀರ ಹಾಕ್ರಿ, ತಣ್ಣಗಿದ್ರ ಒಪ್ಕೋತೈತಿ," ಎಂದು ಹೇಳಿ ಹೋದ. ಅಂದಿನಿಂದ ನನ್ನ ಹೆಂಡತಿ ಲಕ್ಷ್ಮಿಬಾಯಿ ದಿನಾ ಸಂಜೆ ಬಸದಿಯ ಕಡೆಗೆ ಕೈಮುಗಿದು, ಒಂದು ಕೊಡ ಉಪ್ಪುನೀರು ತಂದು ಆ ಗುಂಡಿಗೆ ಸುರಿಯುತ್ತಿದ್ದಳು. ಪೆಟ್ರೋಲ್ ಕಾರಿಗೆ ಯಾವ ಮನೆಯಲ್ಲಾದರೂ ಹೀಗೆ ನೈವೇದ್ಯ ಇಟ್ಟಿದ್ದನ್ನು ತಾವು ಕಂಡಿದ್ದೀರಾ?

ಎರಡೂ ಇರುವುದನ್ನು ಕೊಳ್ಳಬಹುದಿತ್ತಲ್ಲ ಎಂದು ತಾವು ಕೇಳಬಹುದು. ನಿಪ್ಪಾಣಿಯ ನನ್ನ ಷಡ್ಡಕ ಜಿನೇಂದ್ರ ಕೊಂಡ, ಹೈಬ್ರಿಡ್. ಪೆಟ್ರೋಲೂ ಉಂಟು, ಬ್ಯಾಟರಿಯೂ ಉಂಟು ಎಂದು ಊರೆಲ್ಲ ಹೇಳಿಕೊಂಡು ತಿರುಗಿದ. ಒಂದು ದಿನ ಹಿಂದಿನ ಸೀಟಿನ ಕೆಳಗೆ ಇಲಿ ಹೋಗಿ ಕಿತ್ತಳೆ ಬಣ್ಣದ ದಪ್ಪ ವೈರನ್ನು ಕಡಿಯಿತು. ನಿಪ್ಪಾಣಿಯ ಒಬ್ಬ ಮೆಕ್ಯಾನಿಕ್ ಆದರೂ ಮುಟ್ಟಬೇಕಲ್ಲ! "ಅದನ್ನ ಮುಟ್ಟಿದ್ರ ನನ್ನ ಹೆಣಾನ ಹೊತಗೊಂಡ ಹೋಗಬೇಕಾಕ್ಕೈತಿ," ಎಂದು ಎಲ್ಲರೂ ಕೈ ಎತ್ತಿದರು. ಟ್ಯಾಂಕಿನ ತುಂಬ ಪೆಟ್ರೋಲ್ ಇಟ್ಟುಕೊಂಡು ಆ ಕಾರು ಕೊಲ್ಹಾಪುರದ ಶೋರೂಮಿನಲ್ಲಿ ಐದು ವಾರ ಮಲಗಿತು. ಜಿನೇಂದ್ರ ಬಸ್ಸಿನಲ್ಲಿ ಓಡಾಡಿದ.

ಇವೆಲ್ಲ ನಗುವ ಮಾತು. ನಾವೂ ನಕ್ಕೆವು. ಇನ್ನು ಮುಂದೆ ಬರೆಯುವುದರಲ್ಲಿ ನಗುವುದು ಏನೂ ಇಲ್ಲ.

ಲಕ್ಷ್ಮಿಬಾಯಿಯ ಅಣ್ಣ ಇಪ್ಪತ್ತೆರಡು ವರ್ಷದ ಹಿಂದೆ ದೀಕ್ಷೆ ತೆಗೆದುಕೊಂಡು ಮುನಿಗಳಾದರು. ಮುನಿಗಳನ್ನು ನಾವು ಮಹಾರಾಜರು ಎನ್ನುತ್ತೇವೆ. ಅಂದು ಅವಳು ಒಂದು ನೇಮ ಹಿಡಿದಳು: ಮಹಾರಾಜರ ಅಂಜಲಿಗೆ, ಅವರು ಉಣ್ಣುವ ಬೊಗಸೆಗೆ, ತನ್ನ ಕೈಯಿಂದ ಒಂದು ತುತ್ತು ಇಡುವ ತನಕ ಹಾಲು ಮುಟ್ಟುವುದಿಲ್ಲ. ನಾಲ್ಕು ಎಮ್ಮೆ ಕಟ್ಟಿದ ಮನೆಯಲ್ಲಿ ಅವಳು ಇಪ್ಪತ್ತೆರಡು ವರ್ಷ ಕರಿ ಚಹಾ ಕುಡಿದಳು. ಮಹಾರಾಜರು ರಾಜಸ್ಥಾನ, ಮಧ್ಯಪ್ರದೇಶ ಎಂದು ನಡೆಯುತ್ತ ದೂರವೇ ಉಳಿದರು. ನಮ್ಮ ಮುನಿಗಳು ವಾಹನ ಹತ್ತುವುದಿಲ್ಲ, ಚಪ್ಪಲಿ ಮೆಟ್ಟುವುದಿಲ್ಲ. ಹೋದ ವರ್ಷದ ಮಳೆಗಾಲಕ್ಕೆ, ಎಪ್ಪತ್ತೊಂಬತ್ತರ ವಯಸ್ಸಿನಲ್ಲಿ, ಕಾಗವಾಡದ ಆಚೆಯ ಒಂದು ಹಳ್ಳಿಗೆ ಚಾತುರ್ಮಾಸಕ್ಕೆಂದು ನಡೆದು ಬಂದರು. ಬರುತ್ತೇವೆ ಎಂದ ದಿನವೇ ಬಂದು ತಲುಪಿದರು.

ಮುನಿಗಳು ದಿನಕ್ಕೆ ಒಂದೇ ಸಲ, ಬೆಳಗಿನ ಹತ್ತರ ಸುಮಾರಿಗೆ ಆಹಾರಕ್ಕೆ ಹೊರಡುತ್ತಾರೆ. ಹೊರಡುವ ಮುಂಚೆ ಮನಸ್ಸಿನಲ್ಲೇ ಒಂದು ಸಂಕಲ್ಪ ಮಾಡಿಕೊಳ್ಳುತ್ತಾರೆ. ಇಂಥದ್ದು ಕಣ್ಣಿಗೆ ಬಿದ್ದ ಮನೆಯ ಮುಂದೆ ಮಾತ್ರ ನಿಲ್ಲುತ್ತಾರೆ. ಅದೇನೆಂದು ಯಾರಿಗೂ ಹೇಳುವುದಿಲ್ಲ. ಆ ಊರಿಗೇ ಕೊಟ್ಟಿರುವ ನನ್ನ ಹೆಂಡತಿಯ ತಮ್ಮನ ಮಗಳು ಅಪೂರ್ವಳ ಬಾಗಿಲಲ್ಲಿ ನಾವು ಎರಡು ಸಲ ಕಲಶ ಹಿಡಿದು ನಿಂತೆವು. ಎರಡು ಸಲವೂ ಮಹಾರಾಜರು ಮುಂದೆ ಹೋದರು. "ಮೂರನೇದಕ್ಕ ನಿಂತಾರ ಬಿಡ್ರಿ," ಎಂದು ಲಕ್ಷ್ಮಿಬಾಯಿಯೇ ನನಗೆ ಸಮಾಧಾನ ಹೇಳಿದಳು.

ಆಗಸ್ಟಿನಲ್ಲಿ ಒಂದು ಸಂಜೆ, ದೀಪ ಹಚ್ಚುವ ಹೊತ್ತಿಗೆ ಅಪೂರ್ವಳ ಫೋನು ಬಂತು. "ಅತ್ತಿ, ನಾಳೆ ಮಹಾರಾಜರದು ಕಡೀ ಅನ್ನದ ಆಹಾರಂತ. ನಾಡಿದ್ದಿಂದ ಬರೇ ನೀರು. ಸಲ್ಲೇಖನಾ ತಗೊಂಡಾರ. ಹೆಂಗರೆ ಮಾಡಿ ಬರ್ರಿ."

ಮಳೆ ಹಿಡಿದಿತ್ತು, ಕರೆಂಟು ಬಂದು ಬಂದು ಹೋಗುತ್ತಿತ್ತು. ಬೆಳಗಾಗುವಾಗ ಕಾರಿನಲ್ಲಿದ್ದದ್ದು ಶೇಕಡ ಇಪ್ಪತ್ತೆರಡು. ಐವತ್ತನಾಲ್ಕು ಕಿಲೋಮೀಟರು ಓಡುತ್ತೇನೆ ಎಂದು ಪರದೆ ಹೇಳಿತು. ಕೆಳಸೇತುವೆಯ ದಾರಿಯಲ್ಲಿ ಊರು ಮೂವತ್ತೇ ಕಿಲೋಮೀಟರು. ಲಕ್ಷ್ಮಿಬಾಯಿ ಶುದ್ಧದ ಮಡಿ ಸೀರೆ ಉಟ್ಟು, ಕೈಯಲ್ಲಿ ಬೀಸಿದ ಗೋಧಿ ಹಿಟ್ಟಿನ ಡಬ್ಬಿಯನ್ನು ಮಡಿಲಲ್ಲಿ ಇಟ್ಟುಕೊಂಡು ಕುಳಿತಳು. ನದಿಯ ದಂಡೆಗೆ ಹೋದರೆ ಕೆಳಸೇತುವೆ ಮುಳುಗಿದೆ, ಪೊಲೀಸರು ಅಡ್ಡ ನಿಂತಿದ್ದಾರೆ. ಹಿಂದಿರುಗಿ, ಅಂಕಲಿಗೆ ಬಂದು, ದೊಡ್ಡ ಸೇತುವೆಯ ಮೇಲೆ ಸುತ್ತು ಹೊಡೆದೆ. ವೈಪರು, ಹೆಡ್‌ಲೈಟು, ಕೆಸರು ಎಲ್ಲವೂ ಬ್ಯಾಟರಿ ತಿಂದವು. ತಮ್ಮ ಕೇಂದ್ರದ ಮುಂದೆ ನಿಂತಾಗ ಗಂಟೆ ಏಳೂಮುಕ್ಕಾಲು, ಉಳಿದದ್ದು ಒಂಬತ್ತು ಕಿಲೋಮೀಟರು, ಹೋಗಬೇಕಾದದ್ದು ಇನ್ನೂ ಇಪ್ಪತ್ತು. ಮೇಲೆ ನನ್ನ ಚಿತ್ರ ನಗುತ್ತಿತ್ತು. ಇನ್ನೇನು ಚಿಂತೆಯಿಲ್ಲ ಎಂದುಕೊಂಡೆ.

ತಮ್ಮ ಆ್ಯಪ್ "ಕೇಂದ್ರ ಲಭ್ಯವಿದೆ" ಎಂದಿತು. ಪ್ಲಗ್ ಚುಚ್ಚಿದರೆ "ದಯವಿಟ್ಟು ಕಾಯಿರಿ" ಎಂದಿತು. ಸಹಾಯವಾಣಿಯ ಹೆಣ್ಣುಮಗಳು ಇಪ್ಪತ್ತು ನಿಮಿಷ ಬಿಟ್ಟು ನೋಡಿ ಎಂದಳು, ಆಮೇಲೆ ಇನ್ನೂ ಇಪ್ಪತ್ತು ನಿಮಿಷ. ಕಾದೆ. ಯಂತ್ರದ ಮಾತನ್ನು ನಂಬುವುದೇ ನನ್ನ ಜನ್ಮದ ಅಭ್ಯಾಸ. ಎಂಟೂವರೆಗೆ ಕಾವಲುಗಾರ ಮಾಳಸಿದ್ದ ಕೊಡೆ ಹಿಡಿದು ಬಂದ. ನನ್ನನ್ನೂ ಫಲಕವನ್ನೂ ಎರಡು ಸಲ ನೋಡಿದ.

"ಅಯ್ಯ, ನೀವ ಏನ್ರಿ! ಸರ್, ಇದಕ್ಕ ಇನ್ನೂ ಲೈನ್ ಕೊಟ್ಟಿಲ್ರಿ. ಓಪನಿಂಗ್ ದಿನ ಮಂಟಪದ ಹಿಂದ ಡೀಸೆಲ್ ಜನರೇಟರ್ ಇಟ್ಟಿದ್ರು. ಸಾಹೇಬ್ರು ಹ್ವಾದ ಕೂಡ್ಲೇ ಅದನ್ನ ಟೆಂಪೋದಾಗ ಹಾಕ್ಕೊಂಡು ಹ್ವಾದ್ರು. ನಿಮ್ಮ ಫೋಟೋ ನೋಡಿ ವಾರಕ್ಕೊಬ್ರರೆ ಬಂದು ಸಿಗಿಬೀಳ್ತಾರ್ರಿ."

ಅಧಿಕಾರಿಗಳೇ, ಆ ಜನರೇಟರಿನ ಸದ್ದು ಅಂದು ನನಗೆ ಕೇಳಿಸಿತ್ತು. ಮೈಕಿಗೆ ಇರಬೇಕು ಎಂದುಕೊಂಡಿದ್ದೆ. ಮೂವತ್ತೊಂದು ವರ್ಷ ವಿಜ್ಞಾನ ಕಲಿಸಿದವನು, ಪ್ಲಗ್ಗಿನ ಹಿಂದೆ ತಂತಿ ಎಲ್ಲಿಗೆ ಹೋಗಿದೆ ಎಂದು ನೋಡದೆ ಹಲ್ಲು ಕಿರಿದೆ.

ಹುಸೇನಮಿಯಾನಿಗೆ ಫೋನು ಹಚ್ಚಿದೆ. ಇಲ್ಲಿ ನನ್ನ ತಪ್ಪನ್ನೂ ಬರೆಯಲೇಬೇಕು. "ಕಾರು ಎಳಿಯಾಕ ಬಾರೋ," ಅಂದೆ. ನಮ್ಮನ್ನು ಒಯ್ಯಲು ಬಾ ಎನ್ನಲಿಲ್ಲ. ಒಯ್ಯಲು ಎಂದಿದ್ದರೆ ಅವನು ತನ್ನ ಮಗ ಜಾವೇದನ ಮೋಟರ್‌ಸೈಕಲ್ ತರುತ್ತಿದ್ದ, ಲಕ್ಷ್ಮಿಬಾಯಿ ಒಂಬತ್ತೂಮುಕ್ಕಾಲಿಗೆ ಅಪೂರ್ವಳ ಬಾಗಿಲಲ್ಲಿ ಇರುತ್ತಿದ್ದಳು. ಎಳೆಯಲು ಎಂದದ್ದಕ್ಕೆ ಗ್ಯಾರೇಜಿನಲ್ಲಿದ್ದ ಟ್ರ್ಯಾಕ್ಟರ್ ತಂದ. ನಮ್ಮ ಕಡೆ ಕಾರು ನಿಂತರೆ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆಯುವುದೇ ರೂಢಿ, ಯಾರೂ ಎರಡನೇ ಸಲ ಯೋಚಿಸುವುದಿಲ್ಲ. ಅಪೂರ್ವಳ ಊರಿನ ಕಡೆಗೇ ಎಳೆ ಎಂದು ಹೇಳಿ ನಾವು ಕಾರಿನಲ್ಲೇ ಕುಳಿತೆವು. ಮೂರು ಕಿಲೋಮೀಟರು ಹೋಗುವಷ್ಟರಲ್ಲಿ ಒಳಗೆ ಢಮ್ಮೆಂದಿತು, ಸುಟ್ಟ ವಾಸನೆ ಬಂತು, ಗಾಲಿ ನಾಲ್ಕೂ ಬಿಗಿದುಕೊಂಡವು. ಈ ಕಾರನ್ನು ಗಾಲಿಯ ಮೇಲೆ ಎಳೆಯಬಾರದಂತೆ. ಕಾರಿನ ಜೊತೆ ಕೊಟ್ಟ ಪುಸ್ತಕದ ನೂರ ತೊಂಬತ್ತನೇ ಪುಟದಲ್ಲಿದೆ. ಪೆಟ್ರೋಲ್ ಕಾರು ನಿಂತಿದ್ದರೆ ಕಿರಾಣಿ ಅಂಗಡಿಯಿಂದ ಒಂದು ಬಾಟಲಿ ಪೆಟ್ರೋಲ್ ಸಾಕಿತ್ತು, ನಾಲ್ಕು ಜನ ತಳ್ಳಿದರೆ ಸಾಕಿತ್ತು. ಕರೆಂಟನ್ನು ಯಾವ ಬಾಟಲಿಯಲ್ಲಿ ತರಲಿ? ಊರವರು ಪ್ರೀತಿಯಿಂದ ಕೈಹಚ್ಚಿದರೆ ಕೆಟ್ಟುಹೋಗುವ ಗಾಡಿಯನ್ನು ಈ ಊರುಗಳಿಗೆ ಕೊಳ್ಳಿರೆಂದು ಹೇಳಲು ತಮಗೆ ಮನಸ್ಸಾದರೂ ಹೇಗೆ ಬಂತು?

ಹುಸೇನಮಿಯಾ ಕಣ್ಣಲ್ಲಿ ನೀರು ತಂದುಕೊಂಡ. "ಗಾಡಿ ಸುಡ್ಲಿ ಬಿಡ್ರಿ. ಅಕ್ಕಾರು ಮ್ಯಾಲ ಹತ್ರಿ, ಲಗೂನ," ಅಂದ. ಅರವತ್ತೆಂಟು ವರ್ಷದ ಲಕ್ಷ್ಮಿಬಾಯಿ ಟ್ರ್ಯಾಕ್ಟರಿನ ಮಡ್‌ಗಾರ್ಡಿನ ಮೇಲೆ ಕುಳಿತು, ಮಳೆಯಲ್ಲಿ ಹಿಟ್ಟಿನ ಡಬ್ಬಿಗೆ ಸೆರಗು ಮುಚ್ಚಿ ಹಿಡಿದು, ಆ ಊರನ್ನು ತಲುಪಿದಾಗ ಹತ್ತು ಐವತ್ತು.

ಅಪೂರ್ವ ಬಾಗಿಲಲ್ಲೇ ಅಳುತ್ತ ನಿಂತಿದ್ದಳು. "ಮಹಾರಾಜರು ಮೂರು ಸಲ ಓಣಿ ತಿರುಗಿದ್ರು, ಅತ್ತಿ. ಮೂರೂ ಸಲ ನಮ್ಮ ಬಾಗಿಲ ಮುಂದ ನಿಧಾನಾದ್ರು, ನೋಡಿದ್ರು, ಹ್ವಾದ್ರು. ಕಡೀಕ ಮೂಲಿಮನಿ ಮುಂದ ನಿಂತ್ರು."

ನಾವು ಹೊತ್ತಿಗೆ ಸರಿಯಾಗಿ ಬಂದಿದ್ದರೂ ಅವರು ನಮ್ಮ ಮುಂದೆ ನಿಲ್ಲುತ್ತಿದ್ದರೋ ಇಲ್ಲವೋ ನಾನು ಹೇಳಲಾರೆ. ಅಂದಿನ ಸಂಕಲ್ಪ ಏನಿತ್ತೆಂದು ಅವರು ಯಾರಿಗೂ ಹೇಳಲಿಲ್ಲ, ನಾವು ಕೇಳುವ ಹಾಗೂ ಇರಲಿಲ್ಲ. ಹತ್ತೊಂಬತ್ತು ದಿನಗಳ ಮೇಲೆ ಸಮಾಧಿಯಾಯಿತು. ಆ ದಿನಗಳಲ್ಲಿ ನಾವು ಬಸ್ಸಿನಲ್ಲಿ ಹೋಗಿ ದರ್ಶನ ಮಾಡಿದೆವು. ದೂರದಿಂದ ಕೈ ಎತ್ತಿ ಆಶೀರ್ವಾದ ಮಾಡಿದರು. ಆದರೆ ತುತ್ತಿಡಲು ಇನ್ನು ಅಂಜಲಿ ಇಲ್ಲ. ಬಾಗಿಲಲ್ಲಿ ಕಲಶ ಹಿಡಿದು ನಿಂತ ತಂಗಿಯನ್ನೇ ಅವರು ಹುಡುಕಿದರೇ? ನನ್ನ ಹೆಂಡತಿ ಇದನ್ನು ದಿನಕ್ಕೊಮ್ಮೆ ಕೇಳುತ್ತಾಳೆ. ತಮ್ಮ ಸಹಾಯವಾಣಿಯಲ್ಲಿ ಯಾರಿಗಾದರೂ ಉತ್ತರ ಗೊತ್ತಿದ್ದರೆ ತಿಳಿಸಿರಿ.

ನೇಮವನ್ನು ಇನ್ನು ಬಿಡಬಹುದು, ಅದಕ್ಕೆ ವಿಧಿಯುಂಟು ಎಂದು ತಿಳಿದವರು ಹೇಳಿದರು. "ಯಾರ ಕೈಯಾಗ ಇಟ್ಟು ಬಿಡ್ಲಿ?" ಎಂದಳು. ಈಗಲೂ ಬೆಳಿಗ್ಗೆ ಎಮ್ಮೆ ಹಿಂಡಿ, ನನಗೆ ಹಾಲಿನ ಚಹಾ ಕೊಟ್ಟು, ತಾನು ಕರಿ ಚಹಾ ಹಿಡಿದು ಕೂಡುತ್ತಾಳೆ. ಕಾರು ಅಂಗಳದಲ್ಲಿದೆ, ಪಕ್ಕದ ತೋಟದವರ ಕೋಳಿಗಳು ಅದರ ಕೆಳಗೆ ಮಳೆಗೆ ನಿಲ್ಲುತ್ತವೆ.

ಆದ್ದರಿಂದ ನನ್ನ ಬೇಡಿಕೆ ಒಂದೇ, ಮೇಲೆಯೇ ಬರೆದಿದ್ದೇನೆ. ತಾವು ಲೈನ್ ಕೊಡುವುದಿಲ್ಲ, ನನಗೆ ಗೊತ್ತು. ಈ ಪತ್ರಕ್ಕೂ "ತೃಪ್ತಿಕರ" ಎಂದೇ ಉತ್ತರ ಬರುತ್ತದೆ, ಅದೂ ಗೊತ್ತು. ಅಪೂರ್ವಳ ಊರಿಗೆ ನಾವು ಈಗ ಬಸ್ಸಿನಲ್ಲಿ ಹೋಗುತ್ತೇವೆ, ಬಸ್ಸು ಆ ಕೇಂದ್ರದ ಮುಂದೆಯೇ ಹಾಯುತ್ತದೆ. ಲಕ್ಷ್ಮಿಬಾಯಿ ನನ್ನನ್ನು ಒಂದು ದಿನವೂ ಒಂದು ಮಾತು ಅಂದಿಲ್ಲ. ಫಲಕ ಬಂದಾಗ ಮಾತ್ರ ಮುಖವನ್ನು ಆಚೆ ಕಿಟಕಿಯ ಕಡೆಗೆ ತಿರುಗಿಸುತ್ತಾಳೆ. ಆ ಚಿತ್ರವನ್ನು ಇಳಿಸಿರಿ.

ಇಂತಿ,
ಎಂಟಡಿ ಎತ್ತರದಲ್ಲಿ ಇನ್ನೂ ಹಲ್ಲು ಕಿರಿಯುತ್ತಿರುವ
ತವನಪ್ಪ ಮಾಸ್ತರ, ದಿಗ್ಗೇವಾಡಿ