ಸಹಿ ಹೊಂದುತ್ತಿಲ್ಲ, ಇನ್ನೊಮ್ಮೆ ಹಾಕಿ

ಬ್ಯಾಂಕುಗಳ ಮೇಲ್ವಿಚಾರಣೆ ಎಂಬ ಮಹಾಭಾರವನ್ನು ಹೊತ್ತು ಬಳಲಿರುವ ಮಾನ್ಯರೇ,

ನಮ್ಮ ಬ್ಯಾಂಕು ಮುಚ್ಚಿದ ದಿನ ಸಹಿ ಪರಿಶೀಲನೆಯ ಮೇಜಿನಲ್ಲಿ ಕುಳಿತಿದ್ದವನು ನಾನು. ಜನರ ಹಣ ಜನರ ಕೈಗೆ ಸೇರದಂತೆ ತಡೆದವನೂ ನಾನೇ. ತಡೆಯಲು ಹೇಳಿದವರು ನೀವು. ನಿಮ್ಮ ವಾರ್ಷಿಕ ವರದಿಯಲ್ಲಿ ಇದಕ್ಕೆ 'ಕ್ರಮಬದ್ಧ ಮುಕ್ತಾಯ' ಎಂಬ ಚೆಂದದ ಹೆಸರಿಟ್ಟಿದ್ದೀರಿ. ಓದಿ ಮೈ ಉರಿಯಿತು. ಅದಕ್ಕೇ ಇದನ್ನು ನಿಮ್ಮ ಕಚೇರಿಯ ಟಪಾಲಿಗೆ ಹಾಕದೆ ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ.

ನಮ್ಮದು ನಾಲ್ಕೇ ಶಾಖೆಗಳ ಸಣ್ಣ ಬ್ಯಾಂಕು. ಠೇವಣಿಯ ಬಹುಪಾಲನ್ನು ಒಂದು ದೈತ್ಯ ಹಣಕಾಸು ಕಂಪನಿಗೆ ಸಾಲ ಕೊಟ್ಟಿತ್ತು. ಅದಕ್ಕೆ ಅನುಮತಿ ನಿಮ್ಮದೇ, ಆ ಕಂಪನಿ 'ಸುರಕ್ಷಿತ' ಎಂಬ ಮುದ್ರೆಯೂ ನಿಮ್ಮದೇ. ಕಂಪನಿ ಕಂತು ತಪ್ಪಿಸಿತು, ಸುದ್ದಿ ಫೋನಿನಿಂದ ಫೋನಿಗೆ ಹಾರಿತು. ಬುಧವಾರ ಬಾಗಿಲು ತೆರೆಯುವ ಮೊದಲೇ ಸಾಲು ಬೀದಿಯ ತಿರುವು ದಾಟಿತ್ತು. ಹತ್ತೂಕಾಲಿಗೆ ನಿಮ್ಮ ಕಚೇರಿಯಿಂದ ಕರೆ. ಮ್ಯಾನೇಜರು ಫೋನಿಟ್ಟು ನನ್ನ ಬೆನ್ನ ಹಿಂದೆ ಬಂದು ನಿಂತರು. "ಯಾರಿಗೂ ಇಲ್ಲ ಅನ್ಬೇಡಿ. ಸಹಿ ಸರಿಯಿಲ್ಲ ಅನ್ನಿ, ಇನ್ನೊಂದ್ಸಲ ಹಾಕ್ಸಿ. ಸಂಜೆವರೆಗೆ ತಳ್ಳಿದ್ರೆ ದೊಡ್ಡ ಬ್ಯಾಂಕಿಂದ ದುಡ್ಡು ಬರುತ್ತಂತೆ," ಎಂದರು. ಅಬ್ಬಾ, ಎಂಥ ನೀತಿ! ಕಾಗದದ ಮೇಲೆ ಒಂದಕ್ಷರವಿಲ್ಲ, ಎಲ್ಲ ಬಾಯಿಮಾತು.

ನಾನು ನಂಬಿದೆ, ಮಾನ್ಯರೇ. ಅದೇ ನನ್ನ ಪಾಪ. ಒಂದು ದಿನ ಸುಳ್ಳು ಹೇಳಿದರೆ ಬ್ಯಾಂಕು ಉಳಿಯುತ್ತದೆ, ಬ್ಯಾಂಕು ಉಳಿದರೆ ಎಲ್ಲರೂ ಉಳಿಯುತ್ತಾರೆ ಎಂದುಕೊಂಡೆ. ಇಪ್ಪತ್ತಾರು ವರ್ಷ ಸಹಿಗಳನ್ನೇ ನೋಡಿದ ಕಣ್ಣು, ಸರಿಯಾದ ಸಹಿಗಳನ್ನೆಲ್ಲ ತಪ್ಪೆಂದಿತು. ಜನ ಪಾಪ, ತಮ್ಮದೇ ತಪ್ಪೆಂದು ನಾಚಿಕೊಂಡು ಮತ್ತೆ ಮತ್ತೆ ಹಾಕಿ ತಂದರು.

ಎರಡೂವರೆಗೆ ನನ್ನ ಅಕ್ಕ ಬಂದಳು. ಮೂವತ್ತು ವರ್ಷ ಶಾಲಾಮಕ್ಕಳ ಸಮವಸ್ತ್ರ ಹೊಲಿದ ಕೈ ಅವಳದು. ಎರಡು ವರ್ಷದಿಂದ ಆ ಕೈಗೆ ನಡುಕ. ತಲೆಯೊಳಗೆ ಸಣ್ಣ ತಂತಿ ಇಟ್ಟು ನಡುಕ ನಿಲ್ಲಿಸುವ ಶಸ್ತ್ರಚಿಕಿತ್ಸೆಗೆ ಶುಕ್ರವಾರ ಹಣ ಕಟ್ಟಬೇಕಿತ್ತು. ಈ ವರ್ಷ ಆಗದಿದ್ದರೆ ಆಮೇಲೆ ಮಾಡಿಸಿ ಪ್ರಯೋಜನವಿಲ್ಲ ಎಂದು ವೈದ್ಯರು ಹೇಳಿದ್ದರು. ಅವಳ ಸಹಿ ನಿಜಕ್ಕೂ ಹೊಂದುತ್ತಿರಲಿಲ್ಲ. ಆದರೆ ಅದು ಅವಳದೇ ಎಂದು ನನಗಿಂತ ಚೆನ್ನಾಗಿ ಬಲ್ಲವರು ಯಾರು? ಸ್ವಂತ ಅಕ್ಕನಿಗೆ ಮಾತ್ರ ಕೊಟ್ಟರೆ ಸಾಲಿನಲ್ಲಿದ್ದವರು ಸುಮ್ಮನಿರುತ್ತಾರೆಯೇ ಎಂಬ ಭಯ. "ಸಹಿ ಹೊಂದುತ್ತಿಲ್ಲ, ಇನ್ನೊಮ್ಮೆ ಹಾಕಿ," ಎಂದೆ. ಹೆತ್ತ ತಾಯಿಯಂತೆ ಸಾಕಿದವಳಿಗೆ 'ಹಾಕಿ' ಎಂದೆ.

"ಏನೋ ನಿಂದು? ನಿನ್ನ ಮಾರ್ಕ್ಸ್ ಕಾರ್ಡಿಗೆ ಕದ್ದು ಅಪ್ಪನ ಸಹಿ ಹಾಕ್ಕೊಟ್ಟೋಳು ನಾನು. ಈಗ ನನ್ ಸಹಿನೇ ಗೊತ್ತಾಗ್ಲಿಲ್ವಾ ನಿಂಗೆ?" ಎಂದಳು. ಹಿಂದಿದ್ದವರು ನಕ್ಕರು. ಅವಳೂ ನಕ್ಕು, ಬಲಗೈಯನ್ನು ಎಡಗೈಯಿಂದ ಒತ್ತಿ ಹಿಡಿದು ಎರಡನೆಯ ಚೀಟಿ ಬರೆದಳು. ಅದರ ಮೇಲೂ ಕೆಂಪು ಶಾಯಿಯಲ್ಲಿ 'ಸಹಿ ಹೊಂದುತ್ತಿಲ್ಲ' ಎಂದು ಬರೆದು ಕಡತಕ್ಕೆ ಸೇರಿಸಿದೆ. "ನಾಳೆ ಬಾ ಅಕ್ಕಾ, ನಾನಿದ್ದೀನಲ್ಲ," ಎಂದು ಪಿಸುಗುಟ್ಟಿದೆ. ನಾನಿದ್ದೇನೆಂದು ನಂಬಿ ಅವಳು ಹೋದಳು. ಮೂರೂವರೆಗೆ ಶಟರ್ ಇಳಿಯಿತು, ಮತ್ತೆ ಮೇಲೇಳಲಿಲ್ಲ.

ದೊಡ್ಡ ಬ್ಯಾಂಕಿನ ದುಡ್ಡು ಬಂತು, ಇಲ್ಲವೆನ್ನಲಾರೆ. ಬಂದದ್ದು ಆ ದೈತ್ಯ ಕಂಪನಿಗೆ! ಅದು ಮುಳುಗಿದರೆ ಇಡೀ ವ್ಯವಸ್ಥೆ ಮುಳುಗುತ್ತದಂತೆ. ಉಂಡೂ ಹೋದ, ಕೊಂಡೂ ಹೋದ ಎನ್ನುತ್ತಾರಲ್ಲ, ಹಾಗಾಯಿತು. 'ಅಪಾಯ ಹರಡದಂತೆ ತಡೆಯಲಾಯಿತು' ಎನ್ನುತ್ತದೆ ನಿಮ್ಮ ವರದಿ. ಎಲ್ಲಿ ತಡೆದಿರಿ? ನನ್ನ ಅಕ್ಕನ ಬಲಗೈಯ ಹತ್ತಿರ ತಡೆದಿರಿ. ಹನ್ನೊಂದು ಸಾವಿರ ಠೇವಣಿದಾರರು ನಿಮ್ಮ ವ್ಯವಸ್ಥೆಯ ಒಳಗಿನವರೋ ಹೊರಗಿನವರೋ? ಈಗ ಹೊಸ ಸುತ್ತೋಲೆ ಹೊರಡಿಸಿದ್ದೀರಿ, ಸಣ್ಣ ಬ್ಯಾಂಕುಗಳು ಒಂದೇ ಕಂಪನಿಗೆ ಅಷ್ಟು ಸಾಲ ಕೊಡಬಾರದೆಂದು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದಿರಿ. ಆ ಕಂಪನಿ ಮಾತ್ರ ಮೊದಲಿಗಿಂತ ದೊಡ್ಡದಾಗಿದೆ.

ಹದಿನಾಲ್ಕು ತಿಂಗಳ ಮೇಲೆ ಪರಿಹಾರದ ಅರ್ಜಿ ಬಂತು. ಉಳಿದವರ ಸಹಿ ಹೊಂದಿತು, ಅಷ್ಟೋ ಇಷ್ಟೋ ಸಿಕ್ಕಿತು. ಅಕ್ಕನ ಅರ್ಜಿ ವಾಪಸಾಯಿತು. ಕಾರಣ: ಖಾತೆದಾರರ ಗುರುತು ಸಂದೇಹಾಸ್ಪದ, ಅರ್ಜಿಯ ಸಹಿ ಹೊಂದುತ್ತಿಲ್ಲ, ಕೊನೆಯ ದಿನವೂ ಎರಡು ಬಾರಿ ಸಹಿ ತಿರಸ್ಕೃತ. ಲಗತ್ತಿಸಿದ ಸಾಕ್ಷ್ಯ ನನ್ನದೇ ಕೆಂಪು ಶಾಯಿ. ನನ್ನ ಹೇಳಿಕೆ ನಡೆಯುವುದಿಲ್ಲವಂತೆ, ನಾನು ಸಂಬಂಧಿ.

ವೈದ್ಯರು ಹೇಳಿದ ವರ್ಷ ಕಳೆದುಹೋಯಿತು. ಹಣ ಬಂದರೂ ಆ ಕೈ ಇನ್ನು ಬರುವುದಿಲ್ಲ. ಈಗ ಅನ್ನದ ತುತ್ತನ್ನೂ ನಾನೇ ಅವಳ ಬಾಯಿಗಿಡಬೇಕು. ಆದರೂ ನನ್ನದೊಂದು ಬೇಡಿಕೆ ಇದೆ: 'ಆ ದಿನ ಸಹಿಗಳನ್ನು ತಿರಸ್ಕರಿಸಲು ನಾವೇ ಹೇಳಿದ್ದೆವು' ಎಂದು ಒಂದೇ ಸಾಲು ಬರೆದು ಕೆಳಗೆ ನಿಮ್ಮ ಸಹಿ ಹಾಕಿ ಕೊಡಿ. ಆಕೆ ಆಕೆಯೇ ಎಂದಾದರೂ ಸಾಬೀತಾಗಲಿ. ಕೊಡುತ್ತೀರೆಂಬ ಭ್ರಮೆ ನನಗಿಲ್ಲ.

ಈ ಪತ್ರವನ್ನು ಅಕ್ಕನಿಗೆ ಓದಿ ಹೇಳಿದೆ. "ಅವ್ರೆಲ್ಲಿ ಹಾಕ್ತಾರೋ, ಬಿಡು," ಎಂದಳು. "ಅಪ್ಪಂದು ಹಾಕಿದ್ ಹಾಗೆ ಅವ್ರದ್ದೂ ನಾನೇ ಹಾಕ್ಕೊಡ್ತಿದ್ದೆ. ಏನ್ ಮಾಡೋದು, ಕೈ ಕೇಳಲ್ವಲ್ಲೋ."

ಇಂತಿ,
ನಿಮ್ಮ ಮಾತನ್ನು ಚಾಚೂ ತಪ್ಪದೆ ಪಾಲಿಸಿದ
ಸಹಿ ಪರಿಶೀಲನೆಯ ಮಾಜಿ ಗುಮಾಸ್ತ
(ಸಹಿ ಹಾಕಿದ್ದೇನೆ. ಹೊಂದುತ್ತದೆಯೋ ಇಲ್ಲವೋ ನೀವೇ ನೋಡಿಕೊಳ್ಳಿ.)