ಅಕ್ಕನ ಬಾಗಿಲಿಗೆ ಬಿಳಿ ದಾರ

ರಾಯಚೂರು, ಚೈತ್ರದ ಮೂವತ್ತೇಳು, 2219

ಹಿಂದಿನವರಿಗೆ ಸೂಗಮ್ಮನ ಶರಣು.

ತಾರೀಖು ಕಂಡು ನಗಬೇಡಿ. ಬಿಸಿಲೇ ಮುಗಿಯದಿರುವಾಗ ಚೈತ್ರ ಮುಗಿಯಿತೆನ್ನುವುದು ಹೇಗೆಂದು ನಮ್ಮ ಹಿರಿಯರು ತಿಂಗಳನ್ನೇ ಎಳೆದು ಉದ್ದ ಮಾಡಿದ್ದಾರೆ. ನನ್ನ ಶಬ್ದಗಳು ವಿಚಿತ್ರವೆನಿಸಿದರೆ ಮನ್ನಿಸಿ, ಅಲ್ಲಲ್ಲೇ ಬಿಡಿಸಿ ಹೇಳುತ್ತೇನೆ. ಈ ಪತ್ರ ಹಿಮ್ಮೊಗದ ಟಪಾಲಿನಲ್ಲಿ, ಅಂದರೆ ವರ್ಷಗಳಿಗೆ ಎದುರಾಗಿ ಹೋಗುವ ಅಂಚೆಯಲ್ಲಿ ಬರುತ್ತಿದೆ. ಇಲ್ಲಿಯವರೆಗೆ ಯಾರಿಗೂ ಉತ್ತರ ಬಂದಿಲ್ಲ. ಆದರೂ ಬರೆಯುತ್ತಿದ್ದೇನೆ, ಏಕೆಂದರೆ ಇಂದು ದೀಪ ಹಚ್ಚುವ ಹೊತ್ತಿಗೆ ಓಣಿಯ ಹಿರಿಯರು ಬಂದು ನನ್ನ ಅಕ್ಕನನ್ನು ಮಾತಿನಿಂದ ಹೊರಗೆ ಹಾಕುತ್ತಾರೆ. ನನಗೆ ಹೆದರಿಕೆಯಾಗಿದೆ.

ಅಕ್ಕನ ಹೆಸರು ನೀಲಗಂಗಾ. ನಾವಿಬ್ಬರೂ ಸ್ಟೇಶನ್ ರಸ್ತೆಯಲ್ಲಿ ಖಾನಾವಳಿ ನಡೆಸುತ್ತೇವೆ. ಜೋಳವನ್ನು ಈಗ ನೆಲದಡಿಯ ತಂಪುಕೋಣೆಗಳಲ್ಲಿ ಬೆಳೆಯುತ್ತಾರೆ. ರೊಟ್ಟಿಯನ್ನು ಮಾತ್ರ ಇನ್ನೂ ಕೈಯಲ್ಲೇ ಬಡಿಯಬೇಕು, ಯಂತ್ರ ಬಡಿದದ್ದನ್ನು ನಮ್ಮ ಗಿರಾಕಿಗಳು ಮೂಸಿಯೂ ನೋಡುವುದಿಲ್ಲ. ಅಕ್ಕನ ಬಾಯಿ ದೊಡ್ಡದು. ತಟ್ಟೆಯಲ್ಲಿ ಅನ್ನ ಬಿಟ್ಟವರನ್ನು ಬೈಯುತ್ತಾಳೆ, ಬೈಸಿಕೊಳ್ಳಲೆಂದೇ ಬಿಟ್ಟೇಳುವವರೂ ಇದ್ದಾರೆ. ನಿನ್ನೆ ಬೆಳಿಗ್ಗೆ ರೊಟ್ಟಿ ಬಡಿಯುತ್ತಿದ್ದವಳ ಬಲಗೈ ಹಿಟ್ಟಿನ ಮೇಲೆ ಹಾಗೇ ಬಿದ್ದುಕೊಂಡಿತು, ಬಾಯಿ ಸೊಟ್ಟಗಾಯಿತು. ಲಕ್ವ ಹೊಡೆದಿತ್ತು.

ಆಸ್ಪತ್ರೆಯಲ್ಲಿ ಅವಳನ್ನು ನೇರವಾಗಿ ಕಾಂತಗೂಡಿನೊಳಗೆ ಮಲಗಿಸಿದರು. ನೀವು ಎಂಆರ್‌ಐ ಎನ್ನುವುದು ಅದನ್ನೇ. ಅದು ತೆಗೆದ ಚಿತ್ರದಲ್ಲಿ ಬದುಕಿರುವ ಮೆದುಳು ಹಸಿರು, ರಕ್ತ ಸಿಗದೆ ಒದ್ದಾಡುತ್ತಿರುವುದು ಅರಿಶಿನ, ಸತ್ತದ್ದು ಬೂದಿ. ಯಾವುದಕ್ಕೆ ಯಾವ ಬಣ್ಣವೆಂದು ಯಂತ್ರವೇ ತೀರ್ಮಾನಿಸುತ್ತದೆ. ಆಮೇಲೆ ವೈದ್ಯರು ರಕ್ತನಾಳದಲ್ಲಿ ಸಿಕ್ಕಿಕೊಂಡಿದ್ದ ಹೆಪ್ಪನ್ನು ತೆಗೆದರು, ರಕ್ತ ಮತ್ತೆ ಹರಿಯಿತು. ಆದರೆ ಚಿತ್ರ ಅದಕ್ಕಿಂತ ಮೊದಲಿನದು, ಅದರಲ್ಲಿ ಮಾತಿನ ಜಾಗವೆಲ್ಲ ಬೂದಿ. ಇನ್ನು ಮಾಡುವುದೇನೂ ಇಲ್ಲವೆಂದು ಸಂಜೆಯೇ ಮನೆಗೆ ಕಳಿಸಿದರು. ಒಂದು ತಲೆಗೆ ಒಂದೇ ಚಿತ್ರ ಎಂಬುದು ನಮ್ಮಲ್ಲಿ ಗಾದೆಯೂ ಹೌದು, ಕಟ್ಟಳೆಯೂ ಹೌದು. ಎರಡನೆಯದನ್ನು ಕೇಳುವುದು ಸತ್ತವರಿಗೆ ಜಾತಕ ಬರೆಸಿದ ಹಾಗೆ ಎನ್ನುತ್ತಾರೆ.

ಮಾತಿನ ಜಾಗ ಬೂದಿಯಾದವರಿಗೆ ಮೌನದ ಮರ್ಯಾದೆ ಸಲ್ಲಬೇಕು. ಅರ್ಥವಾಗದ ಮಾತು ಕಿವಿಗೆ ಬಿದ್ದರೆ ಅವರಿಗೆ ಹಿಂಸೆ ಎಂದು ನಮ್ಮವರ ನಂಬಿಕೆ. ಬಾಗಿಲಿಗೆ ಬಿಳಿ ದಾರ ಕಟ್ಟಿದ ಮೇಲೆ ಅವರ ಮುಂದೆ ಯಾರೂ ತುಟಿ ಬಿಚ್ಚುವುದಿಲ್ಲ. ಮಾತು ಕಲಿಸುವವರು ಆ ಹೊಸ್ತಿಲು ದಾಟುವುದಿಲ್ಲ. ನೆಂಟರು ಬಳೆಗಳಿಗೆ ಬಟ್ಟೆ ಸುತ್ತಿಕೊಂಡು ಬಂದು, ಹಣೆ ಮುಟ್ಟಿ, ಹೋಗಿಬಿಡುತ್ತಾರೆ. ಇದನ್ನೆಲ್ಲ ಕೆಟ್ಟ ಮನಸ್ಸಿನಿಂದಲ್ಲ, ಪ್ರೀತಿಯಿಂದಲೇ ಮಾಡುತ್ತಾರೆ. ಹೀಗಾಗಿ ಯಾರ ಮೇಲೆ ಜಗಳಕ್ಕೆ ಹೋಗಬೇಕೆಂದೂ ನನಗೆ ತಿಳಿಯುತ್ತಿಲ್ಲ.

ಇಂದು ಬೆಳಿಗ್ಗೆ ಅವಳಿಗೆ ಗಂಜಿ ಕುಡಿಸುತ್ತಿದ್ದೆ. ಮುಖ ಕಿವಿಚಿ, "ಉಪ್ಪ... ಭಾಳ" ಅಂದಳು. ನಾನು ಚಮಚ ಅಲ್ಲೇ ಬಿಟ್ಟು ನಮ್ಮ ಓಣಿಯ ಡಾಕ್ಟರ್ ಮಲ್ಲಿನಾಥರ ಮನೆಗೆ ಓಡಿದೆ. ಅವರು ಬಂದು ಎಷ್ಟು ಮಾತಾಡಿಸಿದರೂ ಅಕ್ಕ ಮತ್ತೆ ಬಾಯಿ ತೆರೆಯಲಿಲ್ಲ. ಆಮೇಲೆ ಅವರು ನನ್ನನ್ನು ಹಿತ್ತಲಿಗೆ ಕರೆದು, "ಯವ್ವಾ, ಮೊದಲನೇ ಚಿತ್ರದಾಗ ಬೂದಿ ಕಂಡದ್ದೆಲ್ಲಾ ಬೂದಿ ಅಲ್ಲ. ರಕ್ತ ಹರದ ಮ್ಯಾಲ ಒಂದಿಷ್ಟು ತಿರುಗಿ ಚೇತರಿಸ್ಕೊಂತದ. ಇನ್ನೊಮ್ಮಿ ನೋಡಲಾರ್ದೆ ನಾ ಏನ್ ಹೇಳ್ಲಿ? ನೋಡಾಕ ನನಗ ಬಿಡಂಗಿಲ್ಲ" ಎಂದರು. ಓದಿದವರೇ ಹೀಗೆ ದನಿ ತಗ್ಗಿಸಿದರೆ ನಾನು ಯಾರ ಬಾಗಿಲು ಬಡಿಯಲಿ?

ನಿಮ್ಮ ಕಾಲದ ವೈದ್ಯರು ಚಿತ್ರ ನೋಡುತ್ತಿದ್ದರಂತೆ, ರೋಗಿಯನ್ನೂ ನೋಡುತ್ತಿದ್ದರಂತೆ, ಬೇಕೆನಿಸಿದರೆ ಮತ್ತೊಂದು ಚಿತ್ರ ತೆಗೆಸಿ, ಕಾದು ನೋಡೋಣ ಎನ್ನುತ್ತಿದ್ದರಂತೆ. ನಿಮ್ಮ ನಂತರದವರು ಯಂತ್ರಕ್ಕೆ ಬೇಗ ಹೇಳುವುದನ್ನು ಕಲಿಸಿದರು, ಇನ್ನೂ ಗೊತ್ತಿಲ್ಲ ಎನ್ನುವುದನ್ನು ಕಲಿಸಲಿಲ್ಲ. ನಿಮಗೆ ಇನ್ನೂ ಹೊತ್ತಿದೆ. ನಿಮ್ಮ ಕಾಲು ಹಿಡಿಯುತ್ತೇನೆ, ಅದೊಂದು ಮಾತು ಕಲಿಸಿ. ಚಿತ್ರ ಬೇಡವೆಂದು ನಾನು ಹೇಳುತ್ತಿಲ್ಲ. ಅದು ಇಲ್ಲದಿದ್ದರೆ ಹೆಪ್ಪು ಎಲ್ಲಿದೆಯೆಂದು ತಿಳಿಯದೆ ಅಕ್ಕ ನಿನ್ನೆಯೇ ಹೋಗುತ್ತಿದ್ದಳು. ಅದನ್ನೇ ಕೊನೆಯ ಮಾತು ಮಾಡಬೇಡಿ, ಅಷ್ಟೇ.

ಚಿತ್ರವೇ ಸರಿಯಿದ್ದರೆ? ಬೆಳಿಗ್ಗೆ ಕೇಳಿದ್ದು ನನ್ನ ಆಸೆಯೇ ಆಗಿದ್ದರೆ? ಆ ಭಯವೂ ಇದೆ. ಆದರೆ ಚಿತ್ರ ತಪ್ಪಾಗಿದ್ದರೆ ಏನಾಗುತ್ತದೆ ಎಂಬ ಭಯ ಅದಕ್ಕಿಂತ ದೊಡ್ಡದು. ಹಿರಿಯರು ಅಂಗಳದಲ್ಲಿ ಚಪ್ಪಲಿ ಕಳಚುತ್ತಿದ್ದಾರೆ, ಒಬ್ಬರೂ ಮಾತಾಡುತ್ತಿಲ್ಲ. ಅಕ್ಕ ಬಾಗಿಲ ಕಡೆ ನೋಡಿದಳು, ಈಗ ನನ್ನನ್ನೇ ನೋಡುತ್ತಿದ್ದಾಳೆ. ಚಿತ್ರದಲ್ಲಿ ಏನಿತ್ತೆಂದು ಅವಳಿಗೆ ಯಾರೂ ಹೇಳಿಲ್ಲ. ಅವಳು ಇನ್ನೂ ಒಳಗೆ ಇದ್ದರೆ, ಇಡೀ ಊರು ಮಾತು ಬಿಡುವಂಥ ತಪ್ಪು ತಾನೇನು ಮಾಡಿದೆನೆಂದು ಜೀವ ಇರುವವರೆಗೆ ಯೋಚಿಸುತ್ತಾ ಮಲಗಿರುತ್ತಾಳೆ.