ಗರಗಸದ ಪೆಟ್ಟಿಗೆಯೂ ನಿಮ್ಮ ಮುದ್ದಿನ ಪದವೂ

ಅಕ್ಕನ ಮನೆ, ಭಾನುವಾರ

ಜಾದೂ ಲೋಕದ ಮಹಾರಾಜರಿಗೆ ನಿಮ್ಮ ಹೆಂಡತಿಯ ನಮಸ್ಕಾರ.

ನಿಮ್ಮ ಪತ್ರ, ಜೊತೆಗಿಟ್ಟ ಹೊಸ ಪೋಸ್ಟರು ಎರಡೂ ತಲುಪಿದವು. ನನ್ನ ಜಾಗಕ್ಕೆ ತಂದ ಹುಡುಗಿ, ಹೆಂಗಸನ್ನು ಗರಗಸದಿಂದ ಎರಡು ತುಂಡು ಮಾಡುವ ಆಟದ ಪೆಟ್ಟಿಗೆಯಲ್ಲಿ ಸಿಕ್ಕಿಹಾಕಿಕೊಂಡು ಕಿರುಚಿದಳಂತೆ, ಜನ ಬಿದ್ದು ಬಿದ್ದು ನಕ್ಕರಂತೆ. ಪಾಪ, ಅವಳದೇನು ತಪ್ಪು? ಬಡಗಿ ಆ ಪೆಟ್ಟಿಗೆ ಮಾಡಿದ್ದು ನನ್ನ ಮೈ ಅಳತೆಗೆ. ಒಳಗೆ ಮಲಗುವವಳನ್ನು ಬದಲಾಯಿಸಿದಿರಿ, ಪೆಟ್ಟಿಗೆ ಬದಲಾಯಿಸಬೇಕೆಂದು ಹೊಳೆಯಲಿಲ್ಲ. ಈಗ ಶನಿವಾರದ ಆಟಕ್ಕೆ ಒಂದೇ ಒಂದು ಸಲ ಬಂದು ಮಾನ ಉಳಿಸು ಎನ್ನುತ್ತೀರಿ.

ಪೋಸ್ಟರಿನಲ್ಲಿ ನಿಮ್ಮ ಹೆಸರು ಕುಂಬಳಕಾಯಿಯಷ್ಟು ದಪ್ಪ. ಅದರ ಕೆಳಗೆ ನಿಮ್ಮ ಮುದ್ದಿನ ಪದ, 'ಎಂಥ್ರಾಲಿಂಗ್'. ನೀವು ಮಧ್ಯಾಹ್ನದ ಊಟವನ್ನೂ ಎಂಥ್ರಾಲಿಂಗ್ ಅನ್ನುವವರು, ಹೊಸ ಚಪ್ಪಲಿಯನ್ನೂ. ಶಾಲೆಯಲ್ಲಿ ಇಂಗ್ಲಿಷ್ ಕಲಿಸುವ ಅಕ್ಕ ಇದನ್ನು ಕೇಳಿ ಹಲ್ಲು ಕಡಿದಳು. ಕೂತವರನ್ನು ಏಳಗೊಡದೆ ಹಿಡಿದಿಡುವ ಕಥೆಗೋ ನಾಟಕಕ್ಕೋ ಹೇಳುವ ಮಾತಂತೆ ಅದು, ಚಪ್ಪಲಿಗಲ್ಲ. ನಿಘಂಟು ತೆಗೆದು ಅದರ ಮೂಲವನ್ನೂ ಓದಿ ಹೇಳಿದಳು. 'ಥ್ರಾಲ್' ಅಂದರೆ ಜೀತದಾಳು, ನಾರ್ಸ್ ಎಂಬ ಹಳೆಯ ನುಡಿಯಿಂದ ಇಂಗ್ಲಿಷಿಗೆ ಬಂದದ್ದು. ಎಂಥ್ರಾಲ್ ಮಾಡುವುದಕ್ಕೆ ಮೊದಲಿದ್ದ ಅರ್ಥ ಆಳಾಗಿಸಿಕೊಳ್ಳುವುದು. ಮನಸ್ಸನ್ನು ಸೆರೆಹಿಡಿಯುವ ಅರ್ಥ ಆಮೇಲಿನದು.

ಮೊದಲು ನಗು ಬಂತು, ಆಮೇಲೆ ಮೈಯೆಲ್ಲ ಉರಿಯಿತು. ಮೈಮರೆತು ಕೂತವರು ಟಿಕೆಟ್ ಕೊಂಡವರು, ಜೀತಕ್ಕೆ ಬಿದ್ದವಳು ನಾನು. ನೀವು ಗರಗಸ ಆಡಿಸುವಾಗ ನಾನು ಅರ್ಧ ಪೆಟ್ಟಿಗೆಯಲ್ಲಿ ಮಂಡಿಯನ್ನು ಎದೆಗೊತ್ತಿಕೊಂಡು ಮುದುಡಿ, ಆ ತುದಿಯ ಮರದ ಪಾದಗಳನ್ನು ದಾರದಿಂದ ಕುಣಿಸುತ್ತಿದ್ದೆ. ಚಪ್ಪಾಳೆ ಹಲಗೆಯಾಚೆ ಕೇಳುತ್ತಿತ್ತು. ಪೋಸ್ಟರಿನಲ್ಲಿ ನನ್ನ ಹೆಸರೂ ಇರಲಿ ಅಂದದ್ದಕ್ಕೆ, ಪೆಟ್ಟಿಗೆಯೊಳಗಿರೋರ ಹೆಸರು ಯಾರಿಗೆ ಬೇಕೇ ಅಂದಿರಿ. ಅವತ್ತೇ ಅಲ್ಲವೇ ನಾನು ಹೊಸ್ತಿಲು ದಾಟಿದ್ದು?

ಶನಿವಾರ ನಾನು ಬರುವುದಿಲ್ಲ. ನೀವು ಕೈಮುಗಿದರೂ, ಅತ್ತೆಯವರಿಂದ ಹೇಳಿಸಿದರೂ ಆ ಪೆಟ್ಟಿಗೆಗೆ ಇನ್ನು ಇಳಿಯುವುದಿಲ್ಲ. ಮಂಡಿನೋವಿನ ನೆಪ ಹೇಳಬಹುದಿತ್ತು. ಹೇಳುವುದಿಲ್ಲ, ಮಂಡಿ ಗಟ್ಟಿಮುಟ್ಟಾಗಿಯೇ ಇದೆ. ನಿಮ್ಮ ನೆನಪೇ ಬರುವುದಿಲ್ಲ ಎಂದೂ ಬರೆಯಲಾರೆ, ಕಣ್ಕಟ್ಟು ನಿಮ್ಮ ಕಸುಬು. ನೆನಪಾಗುತ್ತದೆ, ಆದರೂ ಬರುವುದಿಲ್ಲ.

ಇಂತಿ,
ಎರಡು ತುಂಡಾಗದೆ ಎದ್ದು ಬಂದವಳು,
ಸದ್ಯಕ್ಕೆ ನಿಮ್ಮವಳೇ

ಬರೆಯಲು ಮರೆತೆ: ಮುಂದಿನ ತಿಂಗಳು ಅಕ್ಕನ ಶಾಲೆಯ ಸಭಾಂಗಣದಲ್ಲಿ ನನ್ನದೇ ಜಾದೂ ಆಟ. ಗರಗಸ ನನ್ನ ಕೈಯಲ್ಲಿ. ಪೆಟ್ಟಿಗೆಯನ್ನು ಅದೇ ಬಡಗಿ ಮಾಡುತ್ತಿದ್ದಾನೆ, ನಿಮ್ಮ ಮೈ ಅಳತೆಗೆ. ನಿಮ್ಮ ಕೋಟು ಹೊಲಿದವಳು ನಾನಲ್ಲವೇ, ಅಳತೆ ಬಾಯಿಪಾಠ. ಬರುವುದಾದರೆ ಇವತ್ತಿನಿಂದಲೇ ಮಂಡಿ ಮಡಚುವುದನ್ನು ಅಭ್ಯಾಸ ಮಾಡಿ. ಪೋಸ್ಟರಿನಲ್ಲಿ ಇಬ್ಬರ ಹೆಸರೂ ಇರುತ್ತದೆ. ನನ್ನದು ಮೇಲೆ.